ಮೂರನೆಯ ಹನಿ

ಕಾಲರಿನ ಒಂದು ತುದಿ ಒಳಕ್ಕೆ ಮಡಚಿಕೊಂಡಿದೆ, ಮನೆಯಿಂದ ಹೊರಡುವಾಗ ನೋಡಿ ಸರಿಮಾಡುವವರು ಯಾರೂ ಇಲ್ಲವೇನೋ, ಕಣ್ಣಾಸ್ಪತ್ರೆಯ ಕಿಟಕಿಯ ಬೆಳಕಿಗೆ ಕೈ ಅಡ್ಡ ಹಿಡಿದು ಕೂತಿದ್ದಾರೆ ಈ ಹಿರಿಯರು, ಬಾಗಿಲು ಕಾಯುವವನು ಎದ್ದು ಬಂದು ಸದ್ದಿಲ್ಲದೆ ಪರದೆ ಎಳೆದು ಹೋದ, ಪುಣ್ಯಾತ್ಮ, ಯಾರೂ ಹೇಳಿರಲಿಲ್ಲ ಅವನಿಗೆ — ಬನ್ನಿ ಸಾರ್, ಈ ಕುರ್ಚಿ, ತಲೆ ಹಿಂದಕ್ಕೆ ಒರಗಿಸಿ, ಹಾಗೆ, ಗಲ್ಲ ಸ್ವಲ್ಪ ಮೇಲೆ — ತಲೆ ಹಿಂದಕ್ಕೆ ಬಾಗಿದಾಗ ಆ ಮುಖ, ಎಡಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗೆರೆ, ಐದು ಪುಸ್ತಕಗಳ ಹಿಂಬದಿಯಲ್ಲಿ ಈ ಹುಬ್ಬನ್ನು ನೋಡಿದ್ದೇನೆ, ಅದರ ಕೆಳಗಿನ ಕಣ್ಣು ಆಗ ನಗುತ್ತಿತ್ತು, ಕೂದಲು ಕಪ್ಪಗಿತ್ತು, ನನ್ನದೂ ಕಪ್ಪಗಿತ್ತು, ಆರನೆಯದು ಮುಂದಿನ ವರ್ಷ ಅಂದಿದ್ದರು, ಆಮೇಲೆ ಅದರ ಮುಂದಿನ ವರ್ಷ, ಆಮೇಲೆ ಹೇಳುವುದನ್ನೇ ಬಿಟ್ಟರು, ಚೀಟಿಯಲ್ಲಿ ಬೇರೆ ಯಾವುದೋ ಹೆಸರು ಬರೆಸಿದ್ದಾರೆ, ಇರಲಿ, ಅವರೇ, ಅವರೇ ಇವರು. ಡಾಕ್ಟರಮ್ಮ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇವರ ವಿಷಯವೇ, ನೋಡಿ ಅಮ್ಮಾ, ಒಂದು ಕಣ್ಣು ಮೊದಲೇ ಹೋಗಿದೆ, ಇನ್ನೊಂದರಲ್ಲಿ ಹಿಂದಿನ ಪರದೆ ಕಳಚ್ತಾ ಇದೆ, ಮೊನ್ನೆ ಹೆದರಿ ಅರ್ಧಕ್ಕೇ ಎದ್ದು ಹೋದ್ರು, ಇವತ್ತೂ ಹೋದ್ರೆ ಮುಗೀತು, ನೀವು ಹೇಗಾದ್ರೂ ಮಾತಾಡಿಸ್ಕೊಂಡು ಕೂರಿಸಿ. ಅಷ್ಟರಲ್ಲಿ ಕೈ ತನ್ನ ಕೆಲಸ ಮಾಡಿಬಿಟ್ಟಿದೆ, ಕೆಳರೆಪ್ಪೆ ಎಳೆದು ಮೊದಲ ಹನಿ, ಅವರು ಬೆಚ್ಚಿದರು, ಎಲ್ಲರೂ ಬೆಚ್ಚುತ್ತಾರೆ, ಚುರ್ರೆನ್ನುತ್ತದೆ, ಬೆಚ್ಚಿದವರಿಗೆಲ್ಲ ನಾನು ಇಷ್ಟು ವರ್ಷ ಹೇಳುತ್ತ ಬಂದದ್ದನ್ನೇ ನಾಲಿಗೆ ತಾನಾಗಿ ಹೇಳಿಬಿಟ್ಟಿತು, ಹೆದರಬೇಡಿ, ದೀಪ ಇನ್ನೂ ಇದೆ.

ದೀಪ ಇನ್ನೂ ಇದೆ — ಅಯ್ಯೋ ನನ್ನ ನಾಲಿಗೆಯೇ, ಅದು ಅವರದೇ ಮಾತು, ಸೂರ್ಯ ಹುಟ್ಟುವುದನ್ನೇ ಮರೆತ ಆ ನಾಡಿನಲ್ಲಿ ಕೋಟೆಯ ಕಾವಲಿನವರು ಕತ್ತಲಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳುವ ಮಾತು, ಓದುವವರೆಲ್ಲ ಅದನ್ನು ನಮಸ್ಕಾರದ ಬದಲಿಗೆ ಬಳಸುತ್ತೇವೆ, ಹೊಲಿಗೆಯಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವಾಗ ಒಳಗೆ ಬಂದವರು ಬಾಗಿಲಲ್ಲೇ ಅನ್ನಬೇಕು, ದೀಪ ಇನ್ನೂ ಇದೆ, ಒಳಗಿದ್ದವರು ಇದೆ ಇದೆ ಅನ್ನಬೇಕು, ಆಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಐದೂ ಪುಸ್ತಕ ಮುಗಿದರೆ ಮತ್ತೆ ಮೊದಲಿನಿಂದ, ಒಂದು ಕಟ್ಟುಪಾಡು ಮಾತ್ರ, ಐದನೆಯದರ ಕೊನೆಯ ಸಾಲನ್ನು ಯಾರೂ ಬಾಯಿಬಿಟ್ಟು ಓದಕೂಡದು, ಅದನ್ನು ಆರನೆಯದು ಬಂದ ದಿನ ಓದುವುದು, ಅಲ್ಲಿಯವರೆಗೆ ಪುಸ್ತಕ ಮುಚ್ಚಿ ಸುಮ್ಮನೆ ಕೂರುವುದು. ನಿವೃತ್ತ ಕಂಡಕ್ಟರು ಆಗ ಏನಾದರೂ ಒಂದು ಅನ್ನದೆ ಬಿಡುವುದಿಲ್ಲ, ನಮ್ಮ ಬಸ್ಸೂ ತಡ ಆಗ್ತಿತ್ತು ಕಣ್ರೀ, ಆದ್ರೆ ಜನ ಸ್ಟಾಪಲ್ಲೇ ಮುದುಕರಾಗೋವಷ್ಟು ಅಲ್ಲ, ಎಲ್ಲರೂ ನಗುತ್ತೇವೆ, ಔಷಧಿ ಅಂಗಡಿಯವರು, ನಾವೆಲ್ಲ ಅತ್ತೆಯವರು ಅನ್ನುತ್ತಿದ್ದವರು, ನಗುತ್ತ ಕೆಮ್ಮುತ್ತಿದ್ದರು, ಹೋದ ವರ್ಷ ಆ ಕೆಮ್ಮಿನಲ್ಲೇ ಹೋದರು, ಕೊನೆಗೆ ಕೈ ಹಿಡಿದು ಕೇಳಿದ್ದು ಮಕ್ಕಳ ವಿಷಯವಲ್ಲ, ಐದನೆಯದರ ಕೊನೆಗೆ ಸೇತುವೆಯ ನಡುವೆ ನಿಂತ ಹುಡುಗಿಯ ವಿಷಯ, ಅವಳು ಸೇತುವೆ ದಾಟಿದ್ಲಾ, ನಿನಗೇನಾದ್ರೂ ಗೊತ್ತಾಯ್ತಾ. ಎಲ್ಲರೂ ಅತ್ತೆಯವರ ಹಾಗಲ್ಲ, ಪುಸ್ತಕ ಬರೆದ ಇವರ ಮನೆಯ ಗೋಡೆಗೆ ಯಾರೋ ಬಣ್ಣದಲ್ಲಿ ಬರೆದಿದ್ದರಂತೆ, ಸಾಯೋದಿದ್ರೆ ಬರೆದು ಸಾಯಿ, ಆವತ್ತಿನಿಂದ ಇವರು ಮನೆ ಬದಲಿಸಿದರು, ಊರು ಬದಲಿಸಿದರು, ಈಗ ಇಲ್ಲಿ ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರ ಕೈ ಕುರ್ಚಿಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದೆಯೆಂದರೆ ಗೆಣ್ಣುಗಳೆಲ್ಲ ಬೆಳ್ಳಗಾಗಿವೆ.

ಆ ಮಾತು ನಿಮಗೆ ಎಲ್ಲಿ ಸಿಕ್ತು. ಅವರ ದನಿ ತೀರ ಮೆಲ್ಲಗೆ. ಯಾವ ಮಾತು ಸಾರ್. ಈಗ ಹೇಳಿದ್ರಲ್ಲ. ಎದ್ದೇಬಿಟ್ಟರು, ಒಂದು ಕೈ ಗೋಡೆಯ ಮೇಲೆ, ಎಡಕ್ಕೆ ಡಾಕ್ಟರಮ್ಮನ ಕೋಣೆ, ಬಲಕ್ಕೆ ಮೆಟ್ಟಿಲು, ಮುಖ ಬಲಕ್ಕಿದೆ, ಹನಿ ಬಿದ್ದ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲ, ಬಿದ್ದರೆ ಆ ಪರದೆ, ಆ ಕಳಚುತ್ತಿರುವ ಪರದೆ — ಓ ಅದಾ, ಅದು ನನ್ನ ಮಗಳ ಮಾತು ಸಾರ್, ಯಾವುದೋ ಪುಸ್ತಕದ ಹುಚ್ಚು ಅವಳಿಗೆ, ಮೂರು ಹೊತ್ತೂ ಅದನ್ನೇ ಹೇಳ್ತಾಳೆ, ನನ್ನ ಬಾಯಿಗೂ ಅಂಟಿಕೊಂಡಿದೆ. ನೀವು ಓದಿದ್ದೀರಾ. ಇಲ್ಲಪ್ಪ, ನನಗೆಲ್ಲಿ ಪುರುಸೊತ್ತು, ಅಷ್ಟು ದಪ್ಪ ಪುಸ್ತಕ, ಮಾಟ ಮಂತ್ರ ಅಂತೆ, ನನಗೆ ಅವೆಲ್ಲ ಸೇರಲ್ಲ. ಐದನ್ನೂ ಆರು ಸಲ ಓದಿದ ಬಾಯಿ ಎಷ್ಟು ಸಲೀಸಾಗಿ ಹೇಳಿತು, ಅತ್ತೆಯವರು ಕೇಳಿದ್ದರೆ ತಲೆಗೊಂದು ಮೊಟಕುತ್ತಿದ್ದರು. ಅವರ ಭುಜ ಇಳಿಯಿತು, ಹಾಗೇ ತಡವಿಕೊಂಡು ಕೂತರು, ಸದ್ಯ, ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ತನ್ನ ಚೀಲವನ್ನು ಅವರ ಕಾಲಿಗೆ ಅಡ್ಡವಾಗದಂತೆ ಎತ್ತಿ ಮಡಿಲಲ್ಲಿಟ್ಟುಕೊಂಡಳು, ಆಕೆಯ ಎರಡು ಕಣ್ಣೂ ಮುಚ್ಚಿಯೇ ಇವೆ, ಸದ್ದಿನ ಮೇಲೆಯೇ ತಿಳಿದುಕೊಂಡಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೆಯ ಹನಿ. ಈಗ ಬೆಚ್ಚಲಿಲ್ಲ. ಪಾಪೆ ಅಗಲವಾಗುತ್ತಿದೆ, ಮೊದಲು ಎಳ್ಳಿನಷ್ಟಿತ್ತು, ಈಗ ಮೆಣಸಿನ ಕಾಳಿನಷ್ಟು, ಅದರ ಸುತ್ತಲಿನ ಕಂದುಬಣ್ಣ ತೆಳ್ಳಗಾಗುತ್ತ ಹೋಗುತ್ತಿದೆ, ಆ ಕಪ್ಪಿನೊಳಗೆ ಎಲ್ಲೋ ಅವಳಿದ್ದಾಳೆ, ಸೇತುವೆಯ ನಡುವೆ ನಿಂತೇ ಇದ್ದಾಳೆ, ಕೇಳಿಬಿಡಲೇ, ಬಗ್ಗಿ ಕಿವಿಯಲ್ಲಿ ಒಂದೇ ಒಂದು ಮಾತು, ದಾಟುತ್ತಾಳಾ ಅಂತ, ಇಲ್ಲ, ಬಾಯಿ ಮುಚ್ಚಿಕೋ, ಹತ್ತಿಯಿಂದ ಕೆನ್ನೆ ಒರೆಸು, ನಿನ್ನ ಕೆಲಸ ಅಷ್ಟೇ.

ಓದದವರ ಹತ್ತಿರ ಮಾತಾಡೋದು ಎಷ್ಟು ಹಗುರ ಗೊತ್ತಾ ಅಮ್ಮಾ, ಅವರೇ ಶುರುಮಾಡಿದರು, ಕಣ್ಣು ಮುಚ್ಚಿಕೊಂಡೇ, ನಾನು ಹೂಂ ಅಂದೆ, ಹತ್ತಿ ಉಂಡೆ ಕಟ್ಟುತ್ತ, ಉಂಡೆ ಕೈಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತಿದೆ. ನಾನೊಂದು ಕತೆ ಬರೀತಿದ್ದೆ, ಒಬ್ಬ ಹುಡುಗಿ, ಕೈಯಲ್ಲಿ ದೀಪ, ನಾಡಿಗೆಲ್ಲ ಉಳಿದಿರೋದು ಅದೊಂದೇ, ಸೇತುವೆ ಅರ್ಧ ದಾಟಿದಾಳೆ, ಹಿಂದಿನಿಂದ ತಮ್ಮ ಕರೀತಾನೆ, ಅಕ್ಕಾ ಅಂತ, ಒಂದೇ ಸಲ, ಅವನು ಬಿದ್ದಿದಾನೆ, ಹಿಂದೆ ತಿರುಗಿದ್ರೆ ಗಾಳಿ ಎದುರಾಗುತ್ತೆ, ದೀಪ ಆರುತ್ತೆ, ಮುಂದೆ ಹೋದ್ರೆ ಅವನು ಸಾಯ್ತಾನೆ, ಅಲ್ಲಿಗೆ ನಿಲ್ಲಿಸಿದೆ, ಮುಂದೆ ಗೊತ್ತು ಅಂದ್ಕೊಂಡೇ ನಿಲ್ಲಿಸಿದ್ದು, ಕೂತು ನೋಡ್ತೀನಿ, ಗೊತ್ತಿಲ್ಲ, ದಾಟಿಸಿ ಬರೆದೆ, ಹರಿದೆ, ತಿರುಗಿಸಿ ಬರೆದೆ, ಅದನ್ನೂ ಹರಿದೆ, ಈಗ ಕಣ್ಣೂ ಹೋಗ್ತಾ ಇದೆ, ಹೋದ್ರೆ ಹೋಗಲಿ ಅನ್ಸುತ್ತೆ ಒಂದೊಂದ್ಸಲ, ಬರೆಯೋಕಾಗಲಿಲ್ಲ ಅನ್ನೋಕೆ ಒಂದು ಕಾರಣ ಸಿಕ್ಕ ಹಾಗಾಯ್ತು. ಅಂದರೆ ಇವರು ಮೊನ್ನೆ ಎದ್ದು ಹೋದದ್ದು ಹೆದರಿಕೆಯಿಂದಲ್ಲ, ಡಾಕ್ಟರಮ್ಮನಿಗೆ ಗೊತ್ತಿಲ್ಲ, ಈಗಲೂ ಹಾಗೇ ಎದ್ದು ಹೋಗಬಲ್ಲರು, ಬೇಕೆಂದೇ, ನಗುನಗುತ್ತಲೇ, ಮತ್ತು ಅಷ್ಟರಲ್ಲಿ ಅವರ ಪ್ರಶ್ನೆ, ನೀವು ಹೇಳಿ ಅಮ್ಮಾ, ನಿಮಗೆ ಕತೆಯ ಹಂಗಿಲ್ಲ, ನೀವಾಗಿದ್ರೆ ಏನು ಮಾಡ್ತಿದ್ರಿ. ಏನು ಮಾಡುತ್ತಿದ್ದೆ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಅತ್ತೆಯವರ ಮಂಚದ ಪಕ್ಕದಲ್ಲಿ, ಇದನ್ನಲ್ಲದೆ ಬೇರೇನು ಯೋಚಿಸಿದ್ದೇನೆ ನಾನು, ಉತ್ತರ ಬಾಯಿಯ ತುದಿಯಲ್ಲೇ ಕೂತಿದೆ, ನಿಧಾನ, ಏನೂ ತಿಳಿಯದವಳ ಹಾಗೆ ಹೇಳು, ಹುಷಾರು — ದೀಪ ಕೈಯಲ್ಲೇ ಹಿಡ್ಕೋಬೇಕು ಅಂತ ಯಾರು ಹೇಳಿದ್ರು ಸಾರ್, ಸೇತುವೆ ಮೇಲೇ ಕೆಳಗಿಟ್ಟು, ಗಾಳಿಗೆ ತನ್ನ ಚೀಲ ಅಡ್ಡ ಇಟ್ಟು, ಬರಿಗೈಲಿ ಹೋಗಿ ಅವನನ್ನು ಎತ್ಕೊಂಡು ಬರೋದಪ್ಪ, ನಾನೂ ಅಕ್ಕನೇ, ಒಂದು ಕೈಲಿ ದೀಪ ಹಿಡ್ಕೊಂಡು ಯಾರನ್ನ ಎತ್ತೋಕಾಗುತ್ತೆ, ಅವನು ಹುಟ್ಟು ಕುಂಟ ಬೇರೆ, ತಾನಾಗಿ ಏಳೋಕೂ ಆಗಲ್ಲ ಪಾಪ.

ಹುಟ್ಟು ಕುಂಟ. ಅವರು ಅದನ್ನು ಹೇಳಿರಲಿಲ್ಲ. ತಮ್ಮ ಅಂದಿದ್ದರು, ಬಿದ್ದಿದ್ದಾನೆ ಅಂದಿದ್ದರು, ಅಷ್ಟೇ. ಅವರು ನೆಟ್ಟಗೆ ಕೂತರು. ಕುಂಟ ಅಂತ ನಾನು ಹೇಳಿದ್ನಾ. ಇಲ್ಲ ಸಾರ್. ಮತ್ತೆ. ಮಗಳು ಹೇಳಿದಳು ಅನ್ನಬಹುದಿತ್ತು, ಅನ್ನಲಾಗಲಿಲ್ಲ. ಕಣ್ಣು ತೆರೆದು ನನ್ನ ಕಡೆಗೆ ತಿರುಗಿದರು, ನಾನು ಒಂದು ಬಿಳಿಯ ಮಬ್ಬಾಗಿ ಮಾತ್ರ ಕಾಣುತ್ತಿರಬೇಕು, ಹಾಗಾದ್ರೆ ಕೇಳಿಬಿಡಿ, ಎಲ್ಲರೂ ಕೇಳೋದನ್ನೇ ಕೇಳಿಬಿಡಿ, ಆರನೆಯದು ಯಾವಾಗ ಅಂತ. ಎದ್ದರು. ಕೈ ಗೋಡೆಗೆ ಹೋಯಿತು. ಕೇಳು, ಇನ್ನು ಯಾವತ್ತೂ ಸಿಗುವುದಿಲ್ಲ, ಅತ್ತೆಯವರ ಬೆರಳುಗಳು ನನ್ನ ಮಣಿಕಟ್ಟನ್ನು ಹೇಗೆ ಹಿಡಿದಿದ್ದವು, ಕಂಡಕ್ಟರು ಕೇಳದೆ ಬಂದಿರಾ ಅಂತ ಬೈಯುತ್ತಾರೆ, ಕೇಳು, ಕೇಳು — ಮೂರನೇ ಹನಿ ಬಾಕಿ ಇದೆ ಸಾರ್, ಕೂತ್ಕೊಳ್ಳಿ, ತಲೆ ಹಿಂದಕ್ಕೆ ಒರಗಿಸಿ. ಅಷ್ಟೇ ಹೇಳಿದೆ. ಅವರು ನಿಂತೇ ಇದ್ದಾರೆ, ಕಾಲು ಮೆಟ್ಟಿಲ ಕಡೆಗಿದೆ, ಹಾಗೇ ಇದೆ, ಕೆಳಗೆ ರಸ್ತೆಯಲ್ಲಿ ಯಾರೋ ಹಾರ್ನ್ ಒತ್ತಿ ಬಿಟ್ಟರು, ಆಮೇಲೆ ಗೋಡೆಯ ಮೇಲಿನ ಕೈ ಕೆಳಗಿಳಿಯಿತು, ಕುರ್ಚಿಯ ಹಿಡಿಯನ್ನು ಹುಡುಕಿತು, ಸಿಗಲಿಲ್ಲ, ಹೆಂಗಸು ಕೈಚಾಚಿ ಕುರ್ಚಿಯನ್ನು ಇಷ್ಟು ಸರಿಸಿದಳು, ಸಿಕ್ಕಿತು, ಕೂತರು, ತಲೆ ಒರಗಿಸಿದರು, ನಾನು ಮೊದಲು ಆ ಕಾಲರಿನ ತುದಿಯನ್ನು ಹೊರಗೆಳೆದು ಸರಿಮಾಡಿದೆ, ಆಮೇಲೆ ಬಗ್ಗಿದೆ, ಅವರ ತುಟಿ ಅಲ್ಲಾಡುತ್ತಿದೆ, ನನಗಲ್ಲ, ತಮಗೆ ತಾವೇ, ದೀಪ ಕೆಳಗಿಟ್ಟರೆ, ಚೀಲ ಅಡ್ಡ ಇಟ್ಟು, ಕೆಳಗಿಟ್ಟರೆ, ಮತ್ತು ನಾನು ರೆಪ್ಪೆ ಮುಟ್ಟುವ ಮೊದಲೇ ಅವರಾಗಿಯೇ ಕಣ್ಣು ತೆರೆದರು, ಅಗಲಕ್ಕೆ, ಪಾಪೆ ಈಗ ಪೂರ್ತಿ ಅರಳಿದೆ, ಸುತ್ತ ಕಂದುಬಣ್ಣ ಒಂದೆಳೆಯೂ ಉಳಿದಿಲ್ಲ, ಬರೀ ಕಪ್ಪು, ಅದರಲ್ಲಿ ಬಗ್ಗಿದ ನಾನು, ಸಾಸಿವೆಯಷ್ಟು ನಾನು, ಕೈ ಎತ್ತಿಕೊಂಡು, ಹನಿ ಸೀಸೆಯ ತುದಿಯಲ್ಲೇ ನಿಂತಿದೆ, ಬೀಳುತ್ತಿಲ್ಲ, ಅವರು ಕಾಯುತ್ತಿದ್ದಾರೆ, ಕಣ್ಣು ಮುಚ್ಚುತ್ತಿಲ್ಲ, ಆ ಕಪ್ಪು, ತೆರೆದೇ ಇರುವ ಆ ಕಪ್ಪು, ಆ ಕಪ್ಪು