ಎರಡೆಳೆಯ ನೂಡಲ್ಸ್

ಕಾಫಿ ಅಂಗಡಿಯ ಯಜಮಾನನದು ಒಂದು ಪದ್ಧತಿ. ಹೊಸ ತಿಂಡಿಯ ಹೆಸರು ಫಲಕ ಏರುವ ಮುಂಚೆ, ಮಾಡಿದವರ ಮನೆಮಂದಿಯನ್ನೇ ಕರೆಸಿ ತಿನ್ನಿಸುತ್ತಿದ್ದ. ಯಾವ ಬಟ್ಟಲು ಯಾರ ಕೈಯದು ಎಂದು ಹೇಳುತ್ತಿರಲಿಲ್ಲ. ರುಚಿ ಹೇಗಿದೆ ಎಂದು ಕೇಳುತ್ತಲೂ ಇರಲಿಲ್ಲ. ಕೊನೆಗೆ ಬಂದು ಬಟ್ಟಲುಗಳೊಳಗೆ ಇಣುಕುತ್ತಿದ್ದ, ಅಷ್ಟೆ. ಉಳಿದಿದ್ದರೆ ಆ ತಿಂಡಿಯ ಕತೆ ಅಲ್ಲಿಗೆ ಮುಗಿಯಿತು. ಬಾಯಿ ಮುಲಾಜಿಗೆ ಬೀಳಬಹುದು, ಹೊಟ್ಟೆ ಬೀಳುವುದಿಲ್ಲ ಎಂದು ಅವನ ಲೆಕ್ಕಾಚಾರ.

ಆ ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿಗೆ ಬಂದು ಕೂತವಳು ಹಗ್ಗದಕ್ಕ. ಮೂವತ್ತು ವರ್ಷ ಹಗ್ಗ ಹೊಸೆದು ಹೊಸೆದು ಅವಳ ನಿಜವಾದ ಹೆಸರು ಗಂಡನಿಗೂ ಮರೆತಂತಾಗಿತ್ತು. ಜೊತೆಗೆ ಆ ಗಂಡ, ಮೈದುನ. ಅವಳ ಮಗಳು ಎರಡು ವರ್ಷದಿಂದ ಈ ಅಂಗಡಿಯ ಹಿಂಭಾಗದಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದಳು. ಗಿರಾಕಿ ಕಡಿಮೆ ಇದ್ದ ಹೊತ್ತಿನಲ್ಲಿ ಮುದಿ ಅಡುಗೆಯವನ ಪಕ್ಕ ನಿಂತು ನೂಡಲ್ಸ್ ಎಳೆಯುವುದನ್ನು ಕಲಿತಿದ್ದಳು. ಇವತ್ತಿನ ಮೂರು ಬಟ್ಟಲಲ್ಲಿ ಎರಡು ಮುದುಕನದು, ಒಂದು ಇವಳದು. ಗೆದ್ದರೆ ನಾಳೆಯಿಂದ ಒಲೆಯ ಮುಂದೆ ಜಾಗ. ಇಲ್ಲದಿದ್ದರೆ ಮತ್ತೆ ಅದೇ ತೊಟ್ಟಿ, ಅದೇ ಸೋಪಿನ ನೀರು.

ಮೈದುನ ಫೋರ್ಕನ್ನು ತಿರುಗಿಸಿ ನೋಡಿ, ಹುಲ್ಲು ಎತ್ತುವ ಕವೆಗೋಲಿಗೆ ಮರಿ ಹುಟ್ಟಿದೆ ಎಂದ. ಕೋಸು, ಕ್ಯಾರೆಟ್ ಹಾಕಿ ಹುರಿದ ಮೊದಲ ನೂಡಲ್ಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ಎರಡನೆಯದು ಕಡಲೆಕಾಯಿ ಅರೆದು ಕಲಸಿದ್ದು. ಅಣ್ಣತಮ್ಮಂದಿರು ಅದಕ್ಕೆ ಸಣ್ಣ ಜಗಳವನ್ನೇ ಆಡಿದರು. ಮೂರನೆಯದು ಸೂಪಿನಲ್ಲಿ ತೇಲುತ್ತಾ ಬಂತು.

ಹಗ್ಗದಕ್ಕ ಒಂದೆಳೆ ಎತ್ತಿದಳು. ಫೋರ್ಕು ಕೆಳಗಿಟ್ಟು ಬೆರಳಲ್ಲೇ ಹಿಡಿದಳು. ಒಂದೆಳೆಯಲ್ಲ, ಎರಡು. ಒಂದಕ್ಕೊಂದು ಸುತ್ತಿ ಹುರಿಗೊಂಡಿದ್ದವು, ಅದೂ ಎಡಕ್ಕೆ. ಅವಳ ಹಗ್ಗದ ಶೆಡ್ಡಿನಲ್ಲಿ ಎಲ್ಲರೂ ಬಲಕ್ಕೆ ಹೊಸೆಯುವವರು. ಎಡಗೈಯವಳು ಅವಳೊಬ್ಬಳೇ, ಅವಳ ಮಗ್ಗುಲಲ್ಲಿ ಕೂತು ಕಲಿತದ್ದು ಮಗಳೊಬ್ಬಳೇ. ಎರಡೆಳೆಯ ನಡುವಿನ ಸಂದಿಯಲ್ಲಿ ಸೂಪು ಜಾರದೆ ನಿಂತಿತ್ತು. ಎಲಾ ಹುಡುಗಿ, ಎಂದುಕೊಂಡಳು. ಎದೆ ಮೊಳದುದ್ದ ಉಬ್ಬಿತು.

ಬಾಯಿಗಿಟ್ಟಳು. ಸೂಪಿನ ಖಾರ ಹದವಾಗಿತ್ತು. ಆದರೆ ಹಲ್ಲು ಒಳಗಿಳಿದಾಗ ಹಸಿ ಹಿಟ್ಟು ಸಿಕ್ಕಿತು. ಯಾಕೆಂದು ಅವಳಿಗೆ ತಕ್ಷಣ ತಿಳಿಯಿತು. ಹಗ್ಗ ಹೊಸೆದ ಕೈ, ಎಳೆ ಇನ್ನು ಸಾಕು ಎಂದು ತಿರುಗಿ ಒದೆಯುವ ತನಕ ಬಿಗಿಯುತ್ತಲೇ ಹೋಗುತ್ತದೆ. ಅಷ್ಟು ಬಿಗಿದ ಮೇಲೆ ಕುದಿಯುವ ನೀರು ಒಳಗೆ ನುಗ್ಗುವುದಾದರೂ ಎಲ್ಲಿಂದ?

ಉಳಿದವರಿಬ್ಬರಿಗೆ ಇದರ ಪರಿವೆಯೇ ಇರಲಿಲ್ಲ. ಗಂಡನದಂತೂ ಹಸಿದರೆ ಹಗ್ಗವನ್ನೂ ನುಂಗುವ ಬಾಯಿ. ಇವಳ ಪಾಲಿಗೆ ಉಳಿದದ್ದು ನಾಲ್ಕು ತುತ್ತು. ನುಂಗಿಬಿಟ್ಟರೆ ಮಗಳು ಒಲೆಯ ಮುಂದೆ. ಆದರೆ ತುದಿ ಚೆಂದ ಮಾಡಿ ನಡುವೆ ಹುಳುಕು ಮುಚ್ಚಿದ ಹಗ್ಗವನ್ನು ಹಗ್ಗದಕ್ಕ ಒಂದು ದಿನವೂ ಶೆಡ್ಡಿನಿಂದ ಆಚೆ ಕಳಿಸಿದವಳಲ್ಲ. ಇವತ್ತು ತಾನು ನುಂಗಬಹುದು, ವಾರದೊಳಗೆ ಯಾರೋ ಗಿರಾಕಿ ಬಟ್ಟಲು ತಳ್ಳಿಯೇ ತಳ್ಳುತ್ತಾನೆ. ತಳ್ಳುವುದೇ ಆದರೆ ಹೆತ್ತವಳೇ ತಳ್ಳಲಿ. ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿದಳು.

"ಮುಗಿಸೇ. ಅವಳದೇ ಆಗಿದ್ರೆ?" ಎಂದು ಗಂಡ ಪಿಸುಗುಟ್ಟಿದ.

"ಅವಳದೇ," ಎಂದಳು.

ಅಷ್ಟರಲ್ಲಿ ಯಜಮಾನ ಹಿಂದೆಯೇ ಬಂದು ನಿಂತಿದ್ದ. ಮಗಳೂ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದಳು. ಉಳಿದ ನೂಡಲ್ಸ್ ನೋಡಿ ಅವಳ ಮುಖ ಕಪ್ಪಿಟ್ಟಿತು. ಒಂದು ತುಂಡು ಎತ್ತಿ ಚಿವುಟಿದಳು. ನಡುವೆ ಬಿಳಿ ಚುಕ್ಕೆ.

"ಹುರಿ ಬಿಗಿಯಾಗಿದೆ," ಎಂದಳು.

"ಹೂಂ. ಎರಡು ಸುತ್ತು ಬಿಚ್ಚು, ಸರಿಹೋಗತ್ತೆ."

"ಬಿಚ್ಚಿದ್ರೆ ಸೂಪು ನಿಲ್ಲಲ್ಲಮ್ಮ."

ಆಮೇಲೆ ಯಜಮಾನನ ಕಡೆ ತಿರುಗಿ, ಇನ್ನು ಹತ್ತು ನಿಮಿಷ ಕೊಡಿ ಎಂದು ಕೇಳಿದಳು. ಅವನು ಯಾರಿಗೂ ಎರಡನೇ ಅವಕಾಶ ಕೊಟ್ಟವನಲ್ಲ. ಆದರೆ ಸ್ವಂತ ಮಗಳದೆಂದು ಗೊತ್ತಿದ್ದೂ ಬಟ್ಟಲು ಉಳಿಸಿದ ತಾಯಿಯನ್ನೂ ಅವನು ಇದುವರೆಗೆ ಕಂಡಿರಲಿಲ್ಲ. ಕಾಯಲು ಒಂದು ಕುರ್ಚಿ ಎಳೆದು ಅವರ ಮೇಜಿಗೇ ಕೂತ.

ಅಡುಗೆಮನೆಯ ಅರ್ಧ ಬಾಗಿಲ ಮೇಲಿಂದ ಹಗ್ಗದಕ್ಕನಿಗೆ ಎಲ್ಲವೂ ಕಾಣುತ್ತಿತ್ತು. ಮಗಳು ಹಿಟ್ಟನ್ನು ಎಳೆದಳು, ಮಡಿಸಿದಳು, ಮತ್ತೆ ಎಳೆದಳು. ಮೊದಲಿಗಿಂತ ಒಂದು ಮಡಿಕೆ ಹೆಚ್ಚು. ಎಳೆಗಳು ದಾರದಷ್ಟು ಸಣ್ಣಗಾದವು. ಆಮೇಲೆ ಹೊಸೆಯತೊಡಗಿದಳು, ಅಷ್ಟೇ ಬಿಗಿಯಾಗಿ. ಸಾಕು ನಿಲ್ಲಿಸು ಎನ್ನುವ ಮಾತು ತಾಯಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಹಲ್ಲು ಕಚ್ಚಿ ಕೂತಳು.

ಹೊಸ ಬಟ್ಟಲು ಬಂತು. ಈ ಸಲ ಹಲ್ಲಿಗೆ ಏನೂ ತಡೆಯಲಿಲ್ಲ, ಸಣ್ಣ ಎಳೆ ಒಳಗಿನ ತನಕ ಬೆಂದಿತ್ತು. ಪ್ರತಿ ಎಳೆಯೂ ತನ್ನ ಪಾಲಿನ ಸೂಪನ್ನು ಹೊತ್ತು ಬಾಯೊಳಗೆ ಬಂತು. ನನಗೂ ಒಂದು ತುತ್ತು ಎಂದು ಮೈದುನ ಕೈ ಚಾಚಿದ. ಹಗ್ಗದಕ್ಕ ಅವನಿಗೆ ಬೆನ್ನು ಹಾಕಿ ಕೂತು, ಕೊನೆಗೆ ಬಟ್ಟಲನ್ನೇ ಎತ್ತಿ ಕುಡಿದಳು.

ಯಜಮಾನ ಬಟ್ಟಲೊಳಗೆ ಇಣುಕಿದ. ತಳ ಹೊಳೆಯುತ್ತಿತ್ತು.

"ಈ ಕೈಚಳಕ ನೀವೇ ಕಲಿಸಿದ್ದಾ?" ಎಂದು ಕೇಳಿದ.

ಹಗ್ಗದಕ್ಕ ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಒಳಗಿದ್ದ ಮುದಿ ಅಡುಗೆಯವನಿಗೂ ಕೇಳಲಿ ಎಂದು ಒಂದಿಷ್ಟು ಗಟ್ಟಿಯಾಗಿಯೇ ಹೇಳಿದಳು:

"ನಾನು ಬಿಚ್ಚು ಅಂದೆ. ಅವಳು ಬಿಚ್ಚಲಿಲ್ಲ."