ಅಡ್ಡ ನಿಲ್ಲುವ ವರಸೆ

ಮಂಜುಳ ಹುಳು ಗೂಡು ಕಟ್ಟುವ ಬಿದಿರು ತಟ್ಟಿಗಳಲ್ಲಿ ನಾಲ್ಕನೆಯ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದಾಗ ಅವಳ ಅತ್ತೆ ಪಾಲಮ್ಮನಿಗೆ ರಾಕ್ಷಸನ ಗದೆಯೇಟು ಬಿತ್ತು.

"ನನಗೆಲ್ಲಿ ಬಿತ್ತು?" ಎಂದಳು ಪಾಲಮ್ಮ, ಗೂಡಿನ ಮೇಲಿನ ಸಡಿಲ ಎಳೆಯ ಜುಂಗು ಕೀಳುತ್ತಾ. "ನನ್ನ ಸೊಸೆ ಅಡ್ಡ ಬಂದ್ಲು. ಬರ್ಕೊಳ್ಳೇ ಶ್ರಾವಣಿ."

ಮಂಜುಳಳ ಮಗಳು ಶ್ರಾವಣಿ ಬರೆದುಕೊಂಡಳು. ಈ ಆಟವನ್ನು ಕಾಲೇಜಿನಿಂದ ರಜೆಗೆ ಬರುವಾಗ ತಂದವಳು ಅವಳೇ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಬೇಕು, ಶ್ರಾವಣಿ ಕಥೆ ನಡೆಸಬೇಕು, ಏಟು ಬಿತ್ತೋ ತಪ್ಪಿತೋ ಎಂದು ಇಪ್ಪತ್ತು ಮುಖದ ದಾಳ ಹೇಳಬೇಕು. ಗೂಡು ಬಿಡಿಸುವಾಗ ಕೈಗಷ್ಟೇ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಆಟ ಪಡಸಾಲೆಯಲ್ಲೇ ನಡೆಯುತ್ತಿತ್ತು. ನೆಲದ ಬಂಡೆಗಳು ಚೌಕಗಳು, ಎರಡು ಹುಳು ಸೇರಿ ಕಟ್ಟಿದ, ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದ ಜೋಡಿ ಗೂಡುಗಳು ಕಾಯಿಗಳು, ದಾಳ ಉರುಳುವುದು ಮೊರದಲ್ಲಿ. ರಾಕ್ಷಸ ಇದ್ದದ್ದು ಮಡಕಶಿರದ ಬೆಟ್ಟದ ಕೆಳಗಿನ ಗುಹೆಯಲ್ಲಿ.

ಪಾಲಮ್ಮನ ಪಾತ್ರದ ಹೆಸರೂ ಪಾಲಮ್ಮನೇ. ವಯಸ್ಸು ಇಪ್ಪತ್ತೆರಡು, ಕೈಯಲ್ಲಿ ಮಚ್ಚು. "ಹೆಸರು ಬದಲಾಯಿಸ್ಕೊಂಡ್ರೆ ಹೊಡ್ದಿದ್ದು ಯಾರು ಅಂತ ಊರಿಗೆ ಹೆಂಗೆ ಗೊತ್ತಾಗುತ್ತೆ?" ಎಂಬುದು ಅವಳ ವಾದ. ಪಕ್ಕದ ಮನೆಯ ಮೂಕಮ್ಮ ಮಂತ್ರವಾದಿ. ಅವಳ ಬಳಿ ಒಂದೇ ಒಂದು ಬೆಂಕಿಮಂತ್ರವಿತ್ತು. ನಾಳೆಗೆ ಬೇಕಾದೀತೆಂದು ಎರಡು ವಾರದಿಂದ ಅದನ್ನು ಮುಟ್ಟಿರಲಿಲ್ಲ.

ಮಂಜುಳಳ ಪಾತ್ರ ಉಷಾರಾಣಿ. ಕತ್ತಿ ಹಿಡಿದವಳು, ಯಾವ ಊರಿಗೂ ಸೇರದವಳು. ಮದುವೆ ಆಗಿದೆಯಾ ಎಂದು ಮೂಕಮ್ಮ ಕೇಳಿದ್ದಕ್ಕೆ ಮಂಜುಳ, "ಅವಳ ಹತ್ರ ಕುದುರೆ ಇದೆ" ಎಂದಿದ್ದಳು. ಈಗ ಉಷಾರಾಣಿಯ ಇಪ್ಪತ್ತು ಜೀವದಲ್ಲಿ ಉಳಿದದ್ದು ಒಂಬತ್ತು. ಹೋದದ್ದೆಲ್ಲ ಪಾಲಮ್ಮನಿಗೆ ಬೀಳಬೇಕಿದ್ದ ಏಟಿಗೇ. ಎಲ್ಲ ಹೋದರೆ ಸತ್ತಂತೆ, ಬೇರೆ ಪಾತ್ರ ಹುಡುಕಿಕೊಳ್ಳಬೇಕೆಂದು ಶ್ರಾವಣಿ ಹೇಳಿದ್ದಳು. ಇವಳೊಬ್ಬಳನ್ನು ಹುಡುಕಿಕೊಳ್ಳುವುದಕ್ಕೇ ಮಂಜುಳಳಿಗೆ ನಲವತ್ಮೂರು ವರ್ಷ ಹಿಡಿದಿತ್ತು.

ಶ್ರಾವಣಿ ಮತ್ತೆ ದಾಳ ಉರುಳಿಸಿದಳು. "ಅಜ್ಜಿ, ಇನ್ನೊಂದು ಏಟು. ನಿಂಗೇ."

"ಸೊಸೆ ಇದಾಳಲ್ಲ."

"ಆಗಲ್ಲಜ್ಜಿ. ಪಕ್ಕದ ಚೌಕದಲ್ಲಿ ಇರೋರಿಗೆ ಬೀಳೋ ಏಟನ್ನ ಅಡ್ಡ ಬಂದು ತಗೊಳ್ಳೋದೇ ಅಮ್ಮನ ವರಸೆ. ಆದ್ರೆ ಒಂದು ಸುತ್ತಿಗೆ ಒಂದೇ ಸಲ ಅಂತ ಪುಸ್ತಕದಲ್ಲಿದೆ."

"ಮೂಕಮ್ಮನ ಸಲ ಮಿಕ್ಕಿದೆಯಲ್ಲ, ಅದನ್ನ ನನ್ನ ಸೊಸೆಗೆ ಹಾಕು. ಮುಯ್ಯಾಳು."

ಮೂಕಮ್ಮ ಅವತ್ತು ಗೂಡು ಬಿಡಿಸಲು ಕೂತಿದ್ದೂ ಮುಯ್ಯಾಳಾಗಿಯೇ. ಹಿಂದಿನ ಬೆಳೆಗೆ ಅವರ ಮನೆಗೆ ಮಂಜುಳ ಹೋಗಿದ್ದಳು, ಈ ಬೆಳೆಗೆ ಅವಳು ಬಂದಿದ್ದಳು.

"ತಗೊಳ್ಳಿ ಪಾಲಕ್ಕ," ಎಂದಳು ಮೂಕಮ್ಮ. "ನಾನು ಸುಮ್ನೆ ತಾನೆ ಕೂತಿರೋದು."

"ಪುಸ್ತಕದಲ್ಲಿ ಮುಯ್ಯಾಳು ಇಲ್ಲ ಅಜ್ಜಿ."

"ಅದನ್ನ ಬರ್ದೋನು ಒಂದಿನ ಗೂಡು ಬಿಡಿಸಿದಾನಾ?"

ಶ್ರಾವಣಿ ಪುಸ್ತಕ ಮುಚ್ಚಿದಳು. "ಸರಿ. ಮುಯ್ಯಾಳು ಉಂಟು. ಆದ್ರೆ ರಾಕ್ಷಸನಿಗೂ ಉಂಟು." ಇನ್ನೊಂದು ಜೋಡಿ ಗೂಡು ತೆಗೆದು ಮೊದಲನೆಯದರ ಪಕ್ಕ ಇಟ್ಟಳು. "ಇವನು ಗುಡಿಬಂಡೆ ಕಡೆ ರಾಕ್ಷಸ. ಹೋದ ತಿಂಗಳು ಇವನ ಗುಹೆಗೆ ನಮ್ಮೋನು ಹೊಡೆಯೋಕೆ ಹೋಗಿದ್ದ."

ಪಾಲಮ್ಮ ಆ ಗೂಡನ್ನು ದಿಟ್ಟಿಸಿ ನೋಡಿದಳು. "ಇವನಿಗೆ ಊಟ ಯಾರದು?"

"ಕರೆದೋನದೇ."

"ಹಂಗಾದ್ರೆ ಊಟಕ್ಕೆ ಕೂತಾಗ ಹೊಡಿಯೋಣ."

"ಏನು ಸಾರಂತೆ?" ಎಂದು ಮೂಕಮ್ಮ ಕೇಳಿದಳು.

ಊಟ ಜಗಳ ಮುಗಿದ ಮೇಲೇ ಎಂದು ಶ್ರಾವಣಿ ತೀರ್ಪು ಕೊಟ್ಟಳು. ಎರಡನೆಯ ಏಟೂ ಉಷಾರಾಣಿಗೇ ಹೋಯಿತು. ಒಂಬತ್ತರಲ್ಲಿ ಆರು ಕಳೆದು ಮೂರು ಉಳಿಯಿತು. ಪಾಲಮ್ಮ ಮೊರದಿಂದ ತಲೆ ಎತ್ತಿ, "ನನ್ನ ಸೊಸೆ ಅಂದ್ರೆ ಸೊಸೆ" ಎಂದು ಮೂಕಮ್ಮನಿಗೆ ಹೇಳಿದಳು.

ಈ ಮಾತು ಮಂಜುಳಳ ಕಿವಿಗೆ ಬಿದ್ದದ್ದು ಮದುವೆಯಾಗಿ ಬಂದ ಇಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು. ಅವಳ ಬೆರಳು ಗೂಡಿನ ಮೇಲೆ ನಿಂತುಬಿಟ್ಟಿತು. ಸಂತೋಷವೇ ಆಯಿತು. ಅದೇ ತೊಂದರೆ. ಇನ್ನೊಂದು ಸಲ ಕೇಳಿಸಿಕೊಳ್ಳಬೇಕಾದರೆ ಉಳಿದ ಮೂರನ್ನೂ ಕೊಡಬೇಕು.

ಹೊಟ್ಟೆ ಹಸಿಯಿತೆಂದು ಆಟ ನಿಲ್ಲಿಸಿದರು. "ಊಟ ಆದ್ಮೇಲೆ ಮೊದಲು ನಿನ್ನ ಸರದಿ ಅಮ್ಮ," ಎಂದಳು ಶ್ರಾವಣಿ. "ಯಾವ ಕಡೆಗಾದ್ರೂ ಆರು ಚೌಕ ನಡೀಬೋದು."

"ಅವಳೆಲ್ಲಿ ಹೋಗ್ತಾಳೆ," ಎಂದಳು ಪಾಲಮ್ಮ. "ಮಂಜುಳ, ಮೂಕಮ್ಮನಿಗೆ ಮುದ್ದೆ ಇಕ್ಕು ನಡಿ."

ಮಂಜುಳ ಸೆರಗಿಗೆ ಅಂಟಿದ ಜುಂಗು ಕೊಡವಿಕೊಂಡು ಎದ್ದಳು. ಕಾಯಿಗಳನ್ನು ತುಳಿಯದಂತೆ ಅಡುಗೆಮನೆಯ ಕಡೆಗೆ ಹೋಗುವಾಗ ಪಾಲಮ್ಮನ ಗೂಡಿನಿಂದ ಬಂಡೆಗಳನ್ನು ಎಣಿಸಿದಳು. ಒಂದು ಬಿಟ್ಟು ಮುಂದಿನದರಲ್ಲಿ ನಿಂತರೆ ರಾಕ್ಷಸ ಕತ್ತಿಗೆ ಸಿಗುತ್ತಾನೆ, ಪಕ್ಕದ ಚೌಕವಲ್ಲವಾದ್ದರಿಂದ ಅತ್ತೆಗೆ ಬೀಳುವ ಏಟು ಅಲ್ಲಿಗೆ ತಲುಪುವುದಿಲ್ಲ.

ಅಲ್ಲೇ, ಎಂದುಕೊಂಡಳು. ಮೂಕಮ್ಮನ ತಟ್ಟೆಗೆ ಮುದ್ದೆ ಇಟ್ಟು, ಸಾರು ಸಾಕಾ ಎಂದು ಕೇಳಿದಳು.