ಮಾವನ ಹೆಸರು

ಕಲ್ಮುರ್ಜಾನ ಮನೆಗೆ ಸೊಸೆಯಾಗಿ ಬಂದ ಬೆಗಿಮೈ ರಾಜಧಾನಿ ಬಿಷ್ಕೆಕ್ಕಿನಲ್ಲಿ ಐದು ವರ್ಷ ಕೂತು ಓದಿದ್ದು ಅನ್ವಯಿಕ ಭಾಷಾಶಾಸ್ತ್ರ. ಅದಕ್ಕೆಂದು ಅವಳಪ್ಪ ಎರಡು ಹೆಣ್ಣುಗುದುರೆ ಮಾರಿದ್ದ. ನಮ್ಮ ನಾರಿನ್ ಕಣಿವೆ ಆ ವರ್ಷವೆಲ್ಲ ಇದನ್ನೇ ಹೇಳಿಕೊಂಡು ನಕ್ಕಿತು.

"ಮಾತಾಡೋದು ಕಲಿಯೋಕೆ ಎರಡು ಕುದುರೆನಾ?" ಎನ್ನುತ್ತಿದ್ದ ಕಲ್ಮುರ್ಜಾ, ಬೇಲಿಗೆ ಮೊಣಕೈ ಊರಿ, ಪಕ್ಕದ ಮನೆಯ ನನಗೂ ಒಳಗಿದ್ದ ಅವಳಿಗೂ ಕೇಳುವಂತೆ. "ನನ್ನ ಹೆಂಡತಿ ಪುಕ್ಕಟೆ ಕಲಿತು ನಲವತ್ತು ವರ್ಷದಿಂದ ಬಾಯಿ ಮುಚ್ಚಿಲ್ಲ!"

ಚಳಿಗಾಲದ ಕೊನೆಗೆ ಆ ಬಾಯಿ ಮುಚ್ಚಿತು. ಅವನ ಹೆಂಡತಿ ಬುರುಲ್ ಅಜ್ಜಿ ಕುರಿದೊಡ್ಡಿಯಲ್ಲಿ ಕುಸಿದುಬಿದ್ದಳು. ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಮಾತು ಬರುವುದಾದರೆ ಮೊದಲ ಕೆಲವು ತಿಂಗಳಲ್ಲೇ ಬರಬೇಕು ಎಂದು ಹೇಳಿ ಪಟ್ಟಣದ ಡಾಕ್ಟರು ಮನೆಗೆ ಕಳಿಸಿದರು. ಮುಲ್ಲಾ ಪ್ರಾರ್ಥನೆ ಓದಿ ನೀರಿಗೆ ಊದಿಕೊಟ್ಟ. ಮೇಲುಕೇರಿಯ ಮುದುಕಿ ಅಜ್ಜಿಯ ತಲೆಯ ಮೇಲೆ ನೀರಿನ ಬಟ್ಟಲು ಹಿಡಿದು, ಅದಕ್ಕೆ ಕರಗಿದ ಸೀಸ ಸುರಿದು, ಗಟ್ಟಿಯಾದ ಆಕಾರ ನೋಡಿ ಕರಿನಾಯಿ ಹೆದರಿಸಿದೆ ಎಂದಳು. ಇಬ್ಬರಿಗೂ ಒಂದೊಂದು ಕುರಿತೊಡೆ ಸಂದಿತು.

ಬೆಗಿಮೈ ಮಾತ್ರ ದಿನಾ ಬೆಳಿಗ್ಗೆ ಅತ್ತೆಯ ಮುಂದೆ ರೊಟ್ಟಿ ಹಿಡಿದು, "ಇದೇನತ್ತೆ?" ಎಂದು ಕೇಳುತ್ತ ಕೂರುತ್ತಿದ್ದಳು. ಎರಡು ತಿಂಗಳು ಬರೀ "ಬ... ಬ..."

"ಅಷ್ಟು ನಮ್ಮ ಕುರಿಮರಿಗೂ ಬರುತ್ತೆ," ಎಂದ ಮಾವ.

ಒಂದು ಮಧ್ಯಾಹ್ನ ನಾನು ಉಣ್ಣೆ ಕತ್ತರಿ ವಾಪಸು ಕೊಡಲು ಹೋಗಿದ್ದೆ. ಬೆಗಿಮೈ ಚಹಾ ಸುರಿಯುತ್ತಿದ್ದಳು.

"ಮಾವ, ಕೇಳಿದ್ದಕ್ಕೆ ಉತ್ತರ ಹೇಳೋಕೆ ಬರದವರಿಗೂ ಸಿಟ್ಟಲ್ಲಿ ಬೈಗುಳ ಬರಬಹುದು. ಅತ್ತೆಗೆ ಸಿಟ್ಟು ಬರಿಸಬೇಕು. ನಾನೊಂದು ತಪ್ಪು ಮಾಡ್ತೀನಿ, ಹೊಡೀಬೇಡಿ."

"ಓದಿದ್ದೇ ತಪ್ಪು. ಇನ್ನೇನು ಮಾಡ್ತೀಯ?"

ನಮ್ಮಲ್ಲಿ ಸೊಸೆ ಮಾವನ ಹೆಸರೆತ್ತುವುದಿಲ್ಲ, ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಬುರುಲ್ ಅಜ್ಜಿಗೆ ಕಲ್ಮುರ್ಜಾ ನಲವತ್ತು ವರ್ಷವೂ 'ಮನೆಯಾತ'. ಬಾಯ್ತಪ್ಪಿ ಮಾವನ ಹೆಸರೆತ್ತಿದ ನೆಂಟರ ಸೊಸೆಯೊಬ್ಬಳನ್ನು ಅವಳು ಪೊರಕೆ ಹಿಡಿದು ಹೊಳೆಯವರೆಗೆ ಅಟ್ಟಿದ್ದನ್ನು ನಾನೇ ಕಂಡಿದ್ದೆ.

ಬೆಗಿಮೈ ಬಟ್ಟಲು ಕೆಳಗಿಟ್ಟಳು. ತಲೆವಸ್ತ್ರ ಸರಿಮಾಡಿಕೊಂಡಳು.

"ಏಯ್ ಕಲ್ಮುರ್ಜಾ! ಚಹಾ ಆರ್ತಿದೆ, ಕುಡಿಯೋ!"

ಮುದುಕನ ಕೈ ಗೋಡೆಯ ಚಾವಟಿಗೆ ಹೋಯಿತು. ಅಷ್ಟರಲ್ಲಿ ಅಜ್ಜಿ ಮಲಗಿದ್ದ ಮೂಲೆಯಲ್ಲಿ ಕೌದಿ ಅಲುಗಾಡಿತು. ಅಜ್ಜಿ ಎಡಗೈಯಿಂದ ದಿಂಬು ಕಿತ್ತೆಸೆದಳು.

"ಥೂ! ನಾಚಿಕೆ... ನಾಚಿಕೆಗೆಟ್ಟವಳೇ!"

ಚಾವಟಿ ಅಲ್ಲೇ ಉಳಿಯಿತು. ಮುದುಕ ಮೂಲೆಯತ್ತ ತಿರುಗಿದ.

"ಅವಳೇ ಅಂದಿದ್ದಾ?"

"ಅವರೇ ಮಾವ. ಇದೇ ದಾರಿ ಹಿಡಿದು ರೊಟ್ಟಿ, ನೀರು ಎಲ್ಲ ಹೇಳಿಸಬೇಕು. ದಿನಾ ನಿಮ್ಮ ಹೆಸರು ಹಿಡಿದು ಕರೀಬೇಕಾಗುತ್ತೆ."

"ದಿನಾನಾ!" ನನ್ನ ಕಡೆ ತಿರುಗಿದ. "ನೀನೇನೂ ಕೇಳಿಸ್ಕೊಂಡಿಲ್ಲ."

"ಏನು ಕೇಳಿಸ್ಕೋಬೇಕಿತ್ತು?" ಎಂದೆ.

ಮಾರನೆಯ ಬೆಳಿಗ್ಗೆಯಿಂದ ಇಡೀ ಕೇರಿಗೇ ಕೇಳಿಸಿತು. ಮಂದೆ ಬೆಟ್ಟದ ಹುಲ್ಲುಗಾವಲಿಗೆ ಹೊರಡುವ ಹೊತ್ತಿಗೆ ಅಜ್ಜಿಗೆ ಒಂಬತ್ತು ಮಾತು ಬಂದಿದ್ದವು. ಏಳು ಬೈಗುಳ, ಒಂದು ರೊಟ್ಟಿ, ಒಂದು 'ಮನೆಯಾತ'. ಮುಲ್ಲಾ ಇದು ತನ್ನ ನೀರಿನ ಗುಣವೆಂದ. ಕಲ್ಮುರ್ಜಾ ಬೇಲಿಗೆ ಬಂದು, "ಎರಡು ಕುದುರೆ ಮಾರಿ ನನಗೊಂದು ಅವಮಾನ ಕೊಂಡ್ರು," ಎಂದು ಉಗುಳಿದ.

ಒಂದು ದಿನ ಬೆಗಿಮೈಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಬಿಸಿಲೇರಿದರೂ ಆ ಮನೆಯಿಂದ ಸದ್ದಿಲ್ಲ. ಮುದುಕ ಅಂಗಳದಲ್ಲಿ ಮೂರು ಸುತ್ತು ಹಾಕಿದ, ಬೇಲಿಯತ್ತ ನೋಡಿದ. ನಾನು ತಲೆ ತಗ್ಗಿಸಿ ಹಗ್ಗ ಹೊಸೆಯುತ್ತಿದ್ದೆ. ಅವನು ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದ:

"ಏನಮ್ಮಾ, ಇವತ್ತು ಕರಿಯಲ್ವಾ? ಎದ್ದೇಳು, ಸ್ವಲ್ಪ ಜೋರಾಗೇ ಕರಿ."